ಆಶ್ಲಿ ನದಿಯ ದಂಡೆಯ ಭತ್ತದ ಗದ್ದೆಗಳು

ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಪೇಟೆ ದಾಟಿ ಆಶ್ಲಿ ನದಿಯ ಗುಂಟ ಹೋದರೆ ಮಿಡಲ್‌ಟನ್ ಪ್ಲೇಸ್ ಸಿಗುತ್ತದೆ. 1741ರಲ್ಲಿ ಶುರುವಾದ ಉದ್ಯಾನ. ಬಂದವರು ಹೆಚ್ಚಾಗಿ ಚಿಟ್ಟೆರೆಕ್ಕೆಯ ಆಕಾರದ ಜೋಡಿ ಕೊಳಗಳತ್ತ ಹೆಜ್ಜೆ ಹಾಕುತ್ತಾರೆ. ನಾನು ಬಂದದ್ದು ಗದ್ದೆ ನೋಡಲು. ಪ್ರಾತ್ಯಕ್ಷಿಕೆಗೆಂದು ಇಲ್ಲಿ ಸ್ವಲ್ಪ ಜಾಗದಲ್ಲಿ ಕ್ಯಾರೊಲಿನಾ ಗೋಲ್ಡ್ ಭತ್ತ ಬೆಳೆಯುತ್ತಾರೆ. ಸೆಖೆ, ಸೊಳ್ಳೆ, ಕೆಸರಿನ ವಾಸನೆ. ಈ ವಸಾಹತಿನ ಇಡೀ ಚರಿತ್ರೆ ಇವುಗಳ ನಡುವೆಯೇ ನಡೆದದ್ದು.

1670ರಿಂದಾಚೆಗೆ ಇಲ್ಲಿ ಬಂದಿಳಿದ ಇಂಗ್ಲಿಷರಲ್ಲಿ ಅನೇಕರು ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನಿಂದ ಬಂದವರು. ಆ ಶತಮಾನ ಮುಗಿಯುವ ಹೊತ್ತಿಗೆ ಭತ್ತ ಕೈಹತ್ತಿತು. ಮೊದಲು ಒಳನಾಡಿನ ಜೌಗಿನಲ್ಲಿ ಬೆಳೆದರು; ಹದಿನೆಂಟನೇ ಶತಮಾನದ ನಡುವಿನಿಂದ ಸಮುದ್ರದ ಉಬ್ಬರವನ್ನೇ ನೀರಾವರಿಗೆ ದುಡಿಸಿಕೊಂಡರು. ಬದುವಿನಡಿ ಹೂತ ಮರದ ತೂಬಿಗೆ ಎರಡು ಬಾಗಿಲು. ಉಬ್ಬರದಲ್ಲಿ ಹೊರಬಾಗಿಲು ಎತ್ತಿದರೆ ನದಿನೀರು ಒಳಬಾಗಿಲನ್ನು ತಾನೇ ತಳ್ಳಿಕೊಂಡು ಗದ್ದೆ ತುಂಬುತ್ತದೆ. ಇಳಿತ ಶುರುವಾದೊಡನೆ ಗದ್ದೆಯ ನೀರೇ ಆ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಏತ ಬೇಡ, ಎತ್ತು ಬೇಡ.

ನಮ್ಮ ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ. ಇಲ್ಲಿಯ ತಳಿಗೆ ಆ ಶಕ್ತಿಯಿಲ್ಲ. ಕಡಲಿನ ಉಬ್ಬರ ಮುಟ್ಟಬೇಕು, ಉಪ್ಪು ಮುಟ್ಟಬಾರದು. ನದಿಯ ಅಷ್ಟು ಪಟ್ಟಿಯಲ್ಲೇ ಈ ಬೇಸಾಯ. ಮಳೆ ಕೈಕೊಟ್ಟು ನದಿ ಸೊರಗಿದರೆ ಉಪ್ಪು ಮೇಲೇರಿ ಬೆಳೆ ಹಾಳಾಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸೆಖೆಯೇ ಗುಲಾಮಗಿರಿಯನ್ನು ತಂದಿತು ಎಂಬ ವಿವರಣೆಯನ್ನು ನಾನು ಒಪ್ಪಲಾರೆ. ಹವೆ ಭತ್ತಕ್ಕೆ ಜಾಗ ಕೊಟ್ಟಿತು, ಅಷ್ಟೇ. ಮನುಷ್ಯರನ್ನು ಕೊಂಡು ತಂದು ಕೆಸರಿಗಿಳಿಸಿದ್ದು ಮನುಷ್ಯರ ತೀರ್ಮಾನ, ಬಾರ್ಬಡೋಸ್‌ನ ಕಬ್ಬಿನ ತೋಟಗಳಲ್ಲೇ ರೂಢಿಯಾಗಿದ್ದ ತೀರ್ಮಾನ. ಪಶ್ಚಿಮ ಆಫ್ರಿಕಾದಿಂದ ಬಂದವರಲ್ಲಿ ಹಲವರಿಗೆ ಭತ್ತ ತಲೆಮಾರುಗಳಿಂದ ಗೊತ್ತಿದ್ದ ಬೆಳೆ. 1708ರ ಹೊತ್ತಿಗೆ ವಸಾಹತಿನಲ್ಲಿ ಬಿಳಿಯರಿಗಿಂತ ಕರಿಯರೇ ಹೆಚ್ಚಿದ್ದರು. ಮಲೇರಿಯಾ ಹಬ್ಬುವ ಬೇಸಿಗೆಗೆ ಹೆದರಿ ಒಡೆಯರು ಮೇ ತಿಂಗಳಲ್ಲಿ ತೋಟ ಬಿಟ್ಟರೆ ಮೊದಲ ಇಬ್ಬನಿ ಹೆಪ್ಪುಗಟ್ಟಿದ ಮೇಲೆಯೇ ಮರಳುತ್ತಿದ್ದರು. ಮೊಣಕಾಲುದ್ದ ನೀರಿನಲ್ಲಿ ಕಳೆ ಕೀಳುವವರಿಗೆ ಹೋಗಲು ಎಲ್ಲಿತ್ತು ಜಾಗ?

ಒಡೆಯರು ಹೋಗುತ್ತಿದ್ದ ಚಾರ್ಲ್ಸ್‌ಟನ್‌ನಲ್ಲಿ ಮನೆಗಳು ಬೀದಿಗೆ ಪಕ್ಕೆ ತಿರುಗಿಸಿ ನಿಂತಿವೆ. ಉದ್ದನೆಯ ಜಗಲಿಗಳು ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿ ಕಡಲಗಾಳಿ ಹಿಡಿಯುತ್ತವೆ.

ಪೇಟೆಯ ಮಾರುಕಟ್ಟೆಯಲ್ಲಿ ಗುಲ್ಲಾ (ಗುಲಾಮರಾಗಿ ಬಂದ ಆಫ್ರಿಕನ್ನರ ವಂಶದ ಇಲ್ಲಿಯ ಸಮುದಾಯ) ಮಹಿಳೆಯೊಬ್ಬರು ಬುಟ್ಟಿ ಹೆಣೆಯುತ್ತಿದ್ದರು. ಸ್ವೀಟ್‌ಗ್ರಾಸ್ ಹುಲ್ಲಿನ ಸಿಂಬಿ ಸುತ್ತಿ, ಚಪ್ಪಟೆ ಮಾಡಿದ ಚಮಚದ ಹಿಡಿಯಿಂದ ತೂತು ಕೊರೆದು, ಪಾಲ್ಮೆಟೊ ತಾಳೆಯ ಗರಿಯ ಸೀಳನ್ನು ಎಳೆದು ಬಿಗಿಯುತ್ತಾರೆ. ಇದೇ ಹೆಣಿಗೆಯ ಅಗಲ ಮೊರದಲ್ಲಿ ಅವರ ಪೂರ್ವಜರು ಭತ್ತ ಕೇರುತ್ತಿದ್ದರು. ಗುಲಾಮಗಿರಿ ಹೋದ ಮೇಲೆ ಸೊರಗಿದ ಭತ್ತದ ವ್ಯಾಪಾರವನ್ನು 1893 ಮತ್ತು 1911ರ ಚಂಡಮಾರುತಗಳು ಮುಗಿಸಿಬಿಟ್ಟವು. ಹೆಣಿಗೆ ಉಳಿದಿದೆ. ಆದರೆ ಹುಲ್ಲು ಬೆಳೆಯುತ್ತಿದ್ದ ಕರಾವಳಿಯಲ್ಲಿ ಈಗ ರೆಸಾರ್ಟ್‌ಗಳೆದ್ದಿವೆ. ಅದಕ್ಕಾಗಿ ಜಾರ್ಜಿಯಾ, ಫ್ಲಾರಿಡಾದವರೆಗೂ ಅಲೆಯಬೇಕಾಗಿದೆ.