ಗೊಂಬೆ ಪೆಟ್ಟಿಗೆ ಇಳಿಸಿದ ಮರುದಿನ

ನವರಾತ್ರಿಗೆ ಇನ್ನು ನಾಲ್ಕು ದಿನ ಇತ್ತು. ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೂ ಅಟ್ಟದ ಕೆಲಸ. ಜೇಡರ ಬಲೆ ತೆಗೆದೆ, ಫ್ಯಾನಿನ ರೆಕ್ಕೆ ಒರೆಸಿದೆ, ಗೊಂಬೆ ಪೆಟ್ಟಿಗೆ ಮೂರನ್ನೂ ಕೆಳಗಿಳಿಸಿದೆ. ಪಟ್ಟದ ಗೊಂಬೆ, ಶೆಟ್ಟಿ ಗೊಂಬೆ, ಅತ್ತೆ ಯಾವ ಕಾಲದಲ್ಲೋ ತಂಜಾವೂರಿನಿಂದ ತಂದ ತಲೆಯಾಡಿಸುವ ಗೊಂಬೆ, ಎಲ್ಲವೂ ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬೆಚ್ಚಗಿದ್ದವು. ಇಡೀ ದಿನ ಕತ್ತು ಮೇಲೆತ್ತಿಕೊಂಡೇ ಇದ್ದೆ.

ಸೋಮವಾರ ಬೆಳಗಿನ ಜಾವ ಐದೂವರೆಗೆ ಹಾಲಿನವನ ಬೆಲ್ಲು ಕೇಳಿ ಬಲಕ್ಕೆ ಹೊರಳಿದೆ. ಮನೆ ತಿರುಗಿತು.

ತಲೆ ಸುತ್ತುತ್ತೆ ಅಂತ ಜೀವನದಲ್ಲಿ ಎಷ್ಟು ಸಲ ಹೇಳಿದ್ದೇನೋ. ಬಿಸಿಲಲ್ಲಿ ಕ್ಯೂ ನಿಂತಾಗ, ಏಕಾದಶಿ ಉಪವಾಸದಲ್ಲಿ. ಅದೆಲ್ಲ ಕಣ್ಣು ಕತ್ತಲೆ ಬರೋದು, ಅಷ್ಟೇ. ಇದು ಬೇರೆ. ಗೋಡೆ, ಕಪಾಟು, ಕ್ಯಾಲೆಂಡರ್ ಎಲ್ಲ ಒಂದೇ ದಿಕ್ಕಿಗೆ ಓಡುತ್ತಿದ್ದವು. ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಬಿದ್ದೇ ಹೋಗುತ್ತೇನೆ ಅನ್ನೋ ಹಾಗೆ. ಮಲಗಿದವಳು ಎಲ್ಲಿಗೆ ಬೀಳೋದು! ಅರ್ಧ ನಿಮಿಷಕ್ಕೆ ನಿಂತಿತು. ಎದ್ದು ಕೂತೆ, ಮತ್ತೆ ಒಂದು ಸುತ್ತು. ಆಮೇಲೆ ವಾಂತಿ.

"ಪಿತ್ತ ಕಣೇ. ನಿನ್ನೆ ಹೊತ್ತಿಗೆ ಸರಿಯಾಗಿ ತಿಂದಿಲ್ಲ ನೀನು," ಅಂತ ಅತ್ತೆ ನಿಂಬೆಹಣ್ಣು ಹೆಚ್ಚಿ ಮೂಗಿನ ಹತ್ತಿರ ಹಿಡಿದರು. ಎದುರು ಮನೆಯವರು ಬಂದು ಬಿಪಿ ಅಂದರು. ನಮ್ಮ ಮನೆಯವರು ಏನೂ ಅನ್ನಲಿಲ್ಲ, ಆಟೋ ಕರೆದರು. ಅವರ ಮನಸ್ಸಿನಲ್ಲಿ ಹಾರ್ಟು ಇತ್ತು ಅಂತ ಆಮೇಲೆ ಗೊತ್ತಾಯಿತು.

ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಹೋದೆವು. ಆಟೋ ಇಳಿದು ಮೂರು ನಿಮಿಷ ಆಗಿಲ್ಲ, ಒಬ್ಬ ಹುಡುಗಿ ರವಿಕೆ ತೋಳಿನ ಮೇಲೇ ಬಿಪಿ ಪಟ್ಟಿ ಸುತ್ತಿದಳು. ನಾನು ಕಾಲು ಇಳಿಬಿಟ್ಟುಕೊಂಡು, ಒಂದೇ ಸಮ ನನ್ನ ಕಥೆ ಹೇಳುತ್ತಿದ್ದೆ. 164, ಕೆಳಗೆ 102. ನಾಡಿ 104. ಜ್ವರ ಇಲ್ಲ, ಆಕ್ಸಿಜನ್ 98. ಚಿಕ್ಕ ವಯಸ್ಸಿನ ಡಾಕ್ಟರು ಅಂಕಿ ನೋಡಿದರು, ನನ್ನನ್ನು ಅಷ್ಟಾಗಿ ನೋಡಲಿಲ್ಲ. ಇಸಿಜಿ ಮಾಡಿಸಿದರು, ಸರಿ ಇತ್ತು. ಬಿಪಿ ಮಾತ್ರೆ ಬರೆದರು, ಇವತ್ತಿಂದಲೇ ಶುರು ಮಾಡಿ ಅಂದರು. ಮೆದುಳಿನ ಸ್ಕ್ಯಾನ್‌ಗೂ ಒಂದು ಚೀಟಿ. ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡು ಬೆಂಚಿನ ಮೇಲೆ ಕೂತಾಗ ನನ್ನ ತಂಗಿ ಫೋನಿನಲ್ಲಿ ಸಿಕ್ಕಳು. "ಹೊರಳಿದಾಗ ಮಾತ್ರ ಸುತ್ತುತ್ತಾ ಅಕ್ಕ? ಹಾಗಿದ್ರೆ ಕಿವಿ ಡಾಕ್ಟರ ಹತ್ರ ಹೋಗು," ಅಂದಳು. ಅವಳ ಆಫೀಸಿನಲ್ಲಿ ಯಾರಿಗೋ ಹೀಗೇ ಆಗಿತ್ತಂತೆ. ಕಿವಿ ನೋವಿಲ್ಲ, ಸೋರುತ್ತಿಲ್ಲ, ಎಲ್ಲ ಚೆನ್ನಾಗಿ ಕೇಳಿಸುತ್ತೆ. ಕಿವಿ ಡಾಕ್ಟರು ಯಾಕೆ ಅಂತ ಗೊಣಗುತ್ತಲೇ ಹೋದೆ.

ಅಲ್ಲಿದ್ದ ಸಿಸ್ಟರ್ ವಯಸ್ಸಾದವರು. "ಸುಮ್ನೆ ಐದು ನಿಮಿಷ ಕೂತ್ಕೊಳ್ಳಿ, ಮಾತಾಡ್ಬೇಡಿ," ಅಂದರು. ಬೆನ್ನು ಕುರ್ಚಿಗೆ ಒರಗಿಸಿ, ಪಾದ ಎರಡೂ ನೆಲಕ್ಕೆ ತಾಗಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿದರು. ಪಟ್ಟಿ ಬಿಗಿಯಾಗಿ ಮೆಲ್ಲಗೆ ಸಡಿಲವಾಗುವಾಗ ಅವರು ಸ್ಟೆತಸ್ಕೋಪ್‌ನಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಬಡಿತದ ಸದ್ದು ಶುರುವಾದಾಗ ಮೇಲಿನ ಅಂಕಿ, ಸದ್ದು ಅಡಗಿದಾಗ ಕೆಳಗಿನದು. 1905ರಲ್ಲಿ ಕೊರೊಟ್ಕೊಫ್ ಅನ್ನೋ ರಷ್ಯಾದ ಸರ್ಜನ್ ಹೇಳಿಕೊಟ್ಟ ಉಪಾಯ ಇದು. 132, ಕೆಳಗೆ 84. ಆಮೇಲೆ ನನ್ನ ಮಣಿಕಟ್ಟು ಹಿಡಿದು ತುಂಬಾ ಹೊತ್ತು ನಿಂತರು. ನಾಡಿ ಎಣಿಸೋಕೆ ಇಷ್ಟು ಹೊತ್ತಾ ಅಂತ ಕೇಳಿದರೆ ನಕ್ಕರು. ಕೊನೆಯ ಅರ್ಧ ನಿಮಿಷ ಎಣಿಸಿದ್ದು ಉಸಿರನ್ನಂತೆ. ಉಸಿರು ಎಣಿಸುತ್ತೇನೆ ಅಂತ ಮೊದಲೇ ಹೇಳಿದರೆ ಯಾರೂ ಸಹಜವಾಗಿ ಉಸಿರಾಡಲ್ಲ, ಅದಕ್ಕೆ ನಾಡಿ ಹಿಡಿದ ಹಾಗೇ ನಿಲ್ಲೋದು. ನನ್ನದು ನಿಮಿಷಕ್ಕೆ 16 ಇತ್ತು. ಈ ಕಳ್ಳತನ ನನಗೆ ಬಹಳ ಇಷ್ಟವಾಯಿತು.

ಡಾಕ್ಟರು ಮೊದಲು ಕಿವಿ ನೋಡಲೇ ಇಲ್ಲ. ಪ್ರಶ್ನೆ ಕೇಳಿದರು. ಮಾತು ತೊದಲಿತಾ? ಒಂದು ವಸ್ತು ಎರಡಾಗಿ ಕಾಣಿಸಿತಾ? ಮುಖ ಸೊಟ್ಟಗಾಯಿತಾ? ಕೈಕಾಲು ಸ್ವಾಧೀನ ತಪ್ಪಿತಾ, ನಡೆಯೋಕೆ ಆಗದೆ ಹೋಯಿತಾ? ಹಿಂದೆಂದೂ ಬಾರದಂಥ ತಲೆನೋವು ಬಂತಾ? ಇದರಲ್ಲಿ ಯಾವುದಾದರೂ ಒಂದಕ್ಕೆ ಹೌದು ಅಂದಿದ್ದರೆ ಈಗಲೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದೆ, ಅದು ಸ್ಟ್ರೋಕ್ ಇರಬಹುದು ಅಂದರು. ನನ್ನದು ಎಲ್ಲದಕ್ಕೂ ಇಲ್ಲ.

"ಸರಿ. ಈಗ ಬೇಕಂತಲೇ ತಲೆ ಸುತ್ತೋ ಹಾಗೆ ಮಾಡ್ತೀನಿ. ಏನೇ ಆದ್ರೂ ಕಣ್ಣು ಮುಚ್ಚಬೇಡಿ," ಅಂದರು. ನಮ್ಮ ಮನೆಯವರಿಗೆ, "ಸಾರ್, ಮೊಬೈಲ್‌ನಲ್ಲಿ ಇವರ ಕಣ್ಣು ವಿಡಿಯೋ ಮಾಡ್ಕೊಳ್ಳಿ."

ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ಅರ್ಧ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಜೋತುಬಿತ್ತು. ಒಂದು, ಎರಡು, ಮೂರು ಸೆಕೆಂಡ್ ಏನೂ ಇಲ್ಲ. ಏನೂ ಆಗ್ತಿಲ್ಲ ಡಾಕ್ಟ್ರೇ ಅನ್ನೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಶುರುವಾಯಿತು. ಡಾಕ್ಟರ ತೋಳನ್ನು ಉಗುರು ಊರುವಷ್ಟು ಹಿಡಿದುಕೊಂಡೆ.

ಆ ವಿಡಿಯೋ ಈಗಲೂ ನನ್ನ ಫೋನಿನಲ್ಲಿದೆ. ನನ್ನದೇ ಕಣ್ಣು, ನನ್ನ ಮಾತು ಕೇಳದೆ ಕುಣಿಯುತ್ತಿದೆ. ಅಕ್ಕಪಕ್ಕಕ್ಕೆ ಅಲ್ಲ. ಬಿಳಿಗುಡ್ಡೆಯ ಮೇಲಿನ ಒಂದು ಕೆಂಪು ನರವನ್ನೇ ನೋಡುತ್ತಿದ್ದರೆ ಗೊತ್ತಾಗುತ್ತೆ, ಇಡೀ ಗುಡ್ಡೆ ಗಡಿಯಾರದ ಮುಳ್ಳಿನ ಹಾಗೆ ಒಂದಿಷ್ಟು ತಿರುಗಿ, ಜಗ್ಗಿದಂತೆ ವಾಪಸ್ ಬರುತ್ತೆ. ಮತ್ತೆ ತಿರುಗುತ್ತೆ, ಮತ್ತೆ ಜಗ್ಗುತ್ತೆ. ಸುಮಾರು ಇಪ್ಪತ್ತು ಸೆಕೆಂಡಿಗೆ ಸುಸ್ತಾದ ಹಾಗೆ ನಿಂತಿತು. "ನೋಡಿ, ಬಲಗಿವಿ," ಅಂದರು ಡಾಕ್ಟರು. ಕಿವಿಯೊಳಗೆ ಇಣುಕದೆ, ಕಣ್ಣು ನೋಡಿ ಕಿವಿಯ ಕಾಯಿಲೆ ಹೇಳಿಬಿಟ್ಟರು!

ಕಿವಿ ಇರೋದು ಕೇಳೋಕೆ ಅಂತಷ್ಟೇ ನಾನು ತಿಳಿದಿದ್ದೆ. ಒಳಗಿವಿಯಲ್ಲಿ ಕೇಳಿಸುವ ಶಂಖದ ಪಕ್ಕದಲ್ಲೇ ಮೂರು ಪುಟ್ಟ ಬಳೆಗಳಂಥ ಕೊಳವೆಗಳಿವೆ, ಒಳಗೆ ದ್ರವ. ತಲೆ ತಿರುಗಿಸಿದಾಗ ಆ ದ್ರವ ಒಂಚೂರು ಹಿಂದೆ ಬೀಳುತ್ತೆ, ಅದರಿಂದ ಮೆದುಳಿಗೆ ಸುದ್ದಿ ಹೋಗುತ್ತೆ. ಸುದ್ದಿ ಸಿಕ್ಕ ಕೂಡಲೇ ಕಣ್ಣು ಎದುರು ದಿಕ್ಕಿಗೆ ಅಷ್ಟೇ ಹೊರಳುತ್ತೆ. ಬೆರಳನ್ನು ಮುಖದ ಮುಂದೆ ಹಿಡಿದು ತಲೆ ಜೋರಾಗಿ ಆಡಿಸಿ ನೋಡಿ, ಉಗುರು ಸ್ಪಷ್ಟವಾಗೇ ಕಾಣುತ್ತೆ. ತಲೆ ಸುಮ್ಮನಿಟ್ಟು ಬೆರಳನ್ನು ಅದೇ ವೇಗದಲ್ಲಿ ಆಡಿಸಿ, ಮಸುಕಾಗುತ್ತೆ. ಮೊದಲನೆಯದು ಕಿವಿಯ ಉಪಕಾರ.

ಆ ಕೊಳವೆಗಳ ಬುಡದಲ್ಲಿ ಒಂದು ಚೀಲ, ಅದರೊಳಗೆ ಅಂಟಿನಂಥ ಹಾಸಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳು. ಅವು ಉದುರಿ ಕೊಳವೆಯೊಳಗೆ ಜಾರಿದರೆ, ಹೊರಳಿದಾಗಲೆಲ್ಲ ದ್ರವವನ್ನು ಎಳೆಯುತ್ತವೆ. ತಲೆ ನಿಂತಿದ್ದರೂ ಮೆದುಳಿಗೆ ತಿರುಗುತ್ತಿದೆ ಅನ್ನೋ ಸುಳ್ಳು ಸುದ್ದಿ. ಅದನ್ನು ನಂಬಿ ಕಣ್ಣು ಓಡುತ್ತೆ, ಕಣ್ಣು ಓಡಿದ್ದಕ್ಕೆ ಗೋಡೆ ಓಡುತ್ತೆ. ನೆನ್ನೆ ಕತ್ತು ಎತ್ತಿ ಕೆಲಸ ಮಾಡಿದ್ದಕ್ಕಾ ಅಂತ ಕೇಳಿದೆ. "ಅದೂ ಇರಬಹುದು. ಐವತ್ತು ದಾಟಿದ ಮೇಲೆ ಕಾರಣವೇ ಇಲ್ಲದೆಯೂ ಉದುರುತ್ತೆ ಮೇಡಂ," ಅಂದರು.

ಔಷಧಿ? ತಲೆ ತಿರುಗಿಸೋದೇ ಔಷಧಿ. ಬಲಕ್ಕೆ ಜೋತುಬಿದ್ದ ತಲೆಯನ್ನು ಹಾಗೇ ಅರ್ಧ ನಿಮಿಷ ಹಿಡಿದು, ನಿಧಾನವಾಗಿ ಎಡಕ್ಕೆ ತಿರುಗಿಸಿದರು. ಅರ್ಧ ನಿಮಿಷ. ಆಮೇಲೆ ಎಡ ಮಗ್ಗುಲಿಗೆ ಹೊರಳಿಸಿ ಮೂಗು ನೆಲ ನೋಡುವ ಹಾಗೆ. ಮತ್ತೆ ಅರ್ಧ ನಿಮಿಷ. ಎಬ್ಬಿಸಿ ಕೂರಿಸಿದರು. ಹರಳು ಬಂದ ದಾರಿಯಲ್ಲೇ ವಾಪಸ್ ಚೀಲಕ್ಕೆ ಉರುಳುತ್ತಂತೆ. ಮಕ್ಕಳು ಆಡೋ ಗುಂಡು ಉರುಳಿಸುವ ಡಬ್ಬಿ ಆಟ ಇರುತ್ತಲ್ವಾ, ಥೇಟ್ ಹಾಗೇ. ಅಮೆರಿಕದ ಎಪ್ಲಿ ಅನ್ನೋ ಡಾಕ್ಟರು ಇದನ್ನು ಕಂಡುಹಿಡಿದಾಗ ಜೊತೆಯವರೇ ನಕ್ಕಿದ್ದರಂತೆ. ಅವರ ಲೇಖನ ಅಚ್ಚಾಗಿದ್ದು 1992ರಲ್ಲಿ.

ಆಮೇಲೆ ಕೂತು ಓದಿದಾಗ ಸಿಕ್ಕಿದ ಇನ್ನೊಬ್ಬರು ಬಾರಾನಿ. ವಿಯೆನ್ನಾದಲ್ಲಿ ಕಿವಿ ತೊಳೆಯುತ್ತಿದ್ದ ಡಾಕ್ಟರು. ನೀರು ತಣ್ಣಗಿದ್ದರೆ ರೋಗಿಗೆ ತಲೆ ಸುತ್ತು, ಕಣ್ಣು ಒಂದು ದಿಕ್ಕಿಗೆ ಕುಣಿತ. ನೀರು ಜಾಸ್ತಿ ಬಿಸಿಯಾದರೂ ತಲೆ ಸುತ್ತು, ಆದರೆ ಕಣ್ಣಿನ ಕುಣಿತ ಎದುರು ದಿಕ್ಕಿಗೆ. ಅಲ್ಲಿಂದ ಹಿಡಿದ ಎಳೆಗೆ 1914ರ ನೊಬೆಲ್ ಬಂತು. ಸುದ್ದಿ ಮುಟ್ಟಿದಾಗ ಅವರು ರಷ್ಯಾದವರ ಯುದ್ಧಕೈದಿ. ಇದನ್ನು ಓದುವಾಗ ನಮ್ಮಜ್ಜಿ ನೆನಪಾದರು. ಕಿವಿಗೆ ಬಿಡೋ ಕೊಬ್ಬರಿ ಎಣ್ಣೆಯನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. "ತಣ್ಣಗಿಂದು ಬಿಟ್ರೆ ಮಗೂಗೆ ತಲೆ ತಿರುಗುತ್ತೆ." ಎಣ್ಣೆ ಬಿಡೋದೇ ಬೇಡ ಅನ್ನುತ್ತಾರೆ ಈಗಿನ ಡಾಕ್ಟರುಗಳು, ಅದು ಬೇರೆ ಮಾತು.

ಬಿಪಿ ಮಾತ್ರೆ ಚೀಟಿಯನ್ನೂ ತೋರಿಸಿದೆ. ಹೆದರಿದಾಗ ನೋಡಿದ ಒಂದು ಅಂಕಿಗೆ ಈಗಲೇ ಬೇಡ, ಒಂದು ವಾರ ಬೆಳಗ್ಗೆ ಸಂಜೆ ಮನೆಯಲ್ಲಿ ನೋಡಿ ಬರೆದಿಡಿ, ಆಮೇಲೆ ನಿಮ್ಮ ಡಾಕ್ಟರಿಗೆ ತೋರಿಸಿ ಅಂದರು. ವಾರದ ಲೆಕ್ಕದಲ್ಲಿ ಒಂದೇ ಒಂದು ಸಲ 140 ದಾಟಿತ್ತು. ಅವತ್ತು ಗ್ಯಾಸ್ ಸಿಲಿಂಡರ್ ಖಾಲಿಯಾಗಿತ್ತು.

ಮನೆಗೆ ಬಂದು ಎಲ್ಲ ವಿವರಿಸಿದರೆ ಅತ್ತೆ ಕೇಳಿದ್ದು, "ಕಿವೀಲಿ ಸುಣ್ಣವಾ? ಎಲೆಗೆ ಹಚ್ಚೋದಾ?" ಪೂರ್ತಿ ತಪ್ಪೇನಲ್ಲ. ಕಿವಿಯ ಹರಳೂ ಸುಣ್ಣದ ಕಲ್ಲೂ ಒಂದೇ ಪದಾರ್ಥ, ಎಲೆಗೆ ಹಚ್ಚೋದು ಆ ಕಲ್ಲನ್ನೇ ಸುಟ್ಟು ಮಾಡಿದ್ದು ಅಲ್ವಾ.

ಆ ರಾತ್ರಿ ಬಲ ಮಗ್ಗುಲಿಗೆ ಹೊರಳೋಕೆ ಧೈರ್ಯ ಬರಲಿಲ್ಲ. ದಿಂಬು ಅಡ್ಡ ಇಟ್ಟುಕೊಂಡೆ. ನಾಲ್ಕು ಗಂಟೆಗೆ ಎಚ್ಚರವಾದಾಗ ದಿಂಬು ನೆಲದ ಮೇಲಿತ್ತು, ನಾನು ಬಲಕ್ಕೇ ಮಲಗಿದ್ದೆ. ಕ್ಯಾಲೆಂಡರ್ ಅದರ ಮೊಳೆಯಲ್ಲೇ ಇತ್ತು.

ಗೊಂಬೆ ಕೂರಿಸುವ ದಿನ ನನ್ನನ್ನು ಯಾರೂ ಸ್ಟೂಲು ಹತ್ತೋಕೆ ಬಿಡಲಿಲ್ಲ. ಮೇಲಿನ ಮೆಟ್ಟಿಲಿಗೆ ಪಟ್ಟದ ಗೊಂಬೆ ಇಟ್ಟಿದ್ದು ನಮ್ಮ ಮನೆಯವರು, ರಾಜನನ್ನೂ ರಾಣಿಯನ್ನೂ ಅದಲುಬದಲು ಮಾಡಿ. ಅತ್ತೆ ಕೆಳಗಿನ ಮೆಟ್ಟಿಲಲ್ಲಿ ತಂಜಾವೂರಿನ ಗೊಂಬೆ ಇಟ್ಟು, ಅದರ ತಲೆಗೆ ಬೆರಳಲ್ಲಿ ಒಂದು ತಟ್ಟಿದರು.

"ನೋಡೇ, ಇದಕ್ಕೆ ಐವತ್ತು ವರ್ಷದಿಂದ ತಲೆ ಆಡಿಸ್ತಿದ್ದೀನಿ. ಒಂದು ದಿನ ವಾಂತಿ ಮಾಡಿಲ್ಲ."