ಮುತ್ತಜ್ಜಿಯ ಹೆಸರು ಹುಡುಕಿಕೊಂಡು ಗದಗಿಗೆ ಹೋದ ಮೂರು ದಿನ

ನಮ್ಮ ಮುತ್ತಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುತ್ತಜ್ಜನ ಹೆಸರು ಗೊತ್ತು, ಅವರ ಅಪ್ಪನ ಹೆಸರೂ ಗೊತ್ತು. ಅಜ್ಜನನ್ನು ಹೆತ್ತವಳು ಯಾರು ಅಂದರೆ ಅಪ್ಪ ಸುಮ್ಮನಾಗುತ್ತಿದ್ದರು. ಅಜ್ಜ ಆ ಮಾತನ್ನು ಯಾವತ್ತೂ ಎತ್ತಲಿಲ್ಲವಂತೆ. ಈ ಸಲ ಫೆಬ್ರುವರಿ ಕೊನೆಯಲ್ಲಿ ಮೂರು ದಿನ ರಜೆ ಹಾಕಿ, ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ, ಗದಗ ಜಿಲ್ಲೆಯ ನಮ್ಮ ಮೂಲ ಊರಿಗೆ ಹೋದೆ. ನೀವೂ ಹೀಗೆ ಹೊರಡುವವರಿದ್ದರೆ ಕೆಲವು ವಿಷಯ ಮೊದಲೇ ತಿಳಿದಿರಲಿ.

ಎಲ್ಲರೂ ಮೊದಲು ಜನಗಣತಿಯ ಬಾಗಿಲು ತಟ್ಟುತ್ತಾರೆ. ನಾನೂ ತಟ್ಟಿದ್ದೆ. ಬ್ರಿಟನ್ನಿನಲ್ಲಿ 100 ವರ್ಷ, ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಮನೆಮನೆಯ ಹೆಸರಿರುವ ಗಣತಿ ಹಾಳೆಗಳನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಹಾಗಿಲ್ಲ. 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಗಣತಿ ನಡೆದಿದ್ದರೂ, ಎಣಿಸಿ ಮುಗಿದ ಮೇಲೆ ಆ ಹಳೆಯ ಹಾಳೆಗಳನ್ನು ಕಾಪಾಡಿ ಇಡಲಿಲ್ಲ. ಉಳಿದದ್ದು ಅಂಕಿಗಳ ವರದಿ ಮಾತ್ರ. 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರ ಗುಟ್ಟು, ಯಾರಿಗೂ ತೋರಿಸುವಂತಿಲ್ಲ. ಹಾಗಾಗಿ ಗಣತಿಯಲ್ಲಿ ಹೆಸರು ಹುಡುಕುವುದನ್ನು ಬಿಡಿ. ಆದರೆ ವರದಿಗಳನ್ನು ಬಿಡಬೇಡಿ. ಅವು ಇನ್ನೊಂದು ಕಡೆ ಕೆಲಸಕ್ಕೆ ಬರುತ್ತವೆ.

ಹೆಸರು ನಿಜವಾಗಿ ಸಿಗುವುದು ಹೊಲದ ಕಾಗದದಲ್ಲಿ. ಒಂದು ಎಕರೆ ಹೊಲ ಇದ್ದ ಮನೆಯೂ ಅದರಲ್ಲಿ ಸಿಗುತ್ತದೆ. ಯಜಮಾನ ತೀರಿಕೊಂಡ ಮೇಲೆ ವಾರಸಾ, ಅಂದರೆ ಹೊಲ ವಾರಸದಾರರ ಹೆಸರಿಗೆ, ಆಗಲೇಬೇಕು. ಯಾರು ಸತ್ತರು, ಯಾವಾಗ ಸತ್ತರು, ಹಿಂದೆ ಯಾರನ್ನು ಬಿಟ್ಟು ಹೋದರು ಅನ್ನುವುದನ್ನು ಹಕ್ಕು ಬದಲಾವಣೆಯ ರಜಿಸ್ಟರಿನಲ್ಲಿ ಬರೆದಿರುತ್ತಾರೆ. ನಮ್ಮ ಕಡೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿ 1903ರ ಕಾಯ್ದೆಯಿಂದ ಹಕ್ಕುದಾಖಲೆ ಶುರುವಾಯಿತು. ಅಂದರೆ ನೂರು ವರ್ಷ ಹಿಂದಕ್ಕೆ ಹೋಗಲು ದಾರಿ ಇದೆ.

ಹೊರಡುವ ಮೊದಲು ಮನೆಯಲ್ಲಿರುವ ಅತಿ ಹಳೆಯ ಉತಾರ (ಹೊಲದ ಪಹಣಿ) ಹುಡುಕಿ, ಸರ್ವೆ ನಂಬರ್ ಬರೆದುಕೊಳ್ಳಿ. ಇದಿಲ್ಲದೆ ತಾಲೂಕು ಕಚೇರಿಗೆ ಹೋದರೆ ದಿನ ಹಾಳು. ಹೊಲ ಮಾರಿ ಹೋಗಿದ್ದರೂ ಚಿಂತೆಯಿಲ್ಲ, ನಂಬರ್ ಗೊತ್ತಿದ್ದರೆ ಸಾಕು. ಊರು ಆಗ ಯಾವ ಜಿಲ್ಲೆಯಲ್ಲಿತ್ತು ಅಂತಲೂ ನೋಡಿಕೊಳ್ಳಿ. ಗದಗ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚೆ ಎಲ್ಲ ಧಾರವಾಡ.

ಮೊದಲ ದಿನ ನೇರ ಕಚೇರಿಗೆ ಹೋಗಲಿಲ್ಲ, ಊರಿಗೆ ಹೋದೆ. ಇದು ಬಹಳ ಮುಖ್ಯ. ಊರಲ್ಲಿರುವ ಅಣ್ಣತಮ್ಮಂದಿರಿಗೆ ಗೊತ್ತಿಲ್ಲದೆ ಹಳೆಯ ಉತಾರ ತೆಗೆಸಿದರೆ, ಸಂಜೆಯೊಳಗೆ ಸುದ್ದಿ ಮುಟ್ಟಿರುತ್ತದೆ. ಅದರ ಅರ್ಥ ಅವರಿಗೆ ಒಂದೇ. ನಾನು ಮೊದಲೇ ಹೋದರೂ ಕಾಕಾ ಚಹಾ ಕೊಡುವ ಮುಂಚೆ ಕೇಳಿದರು, "ಪಾಲು ಕೇಳಾಕ ಬಂದೀಯೇನವಾ?" ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಕೊಟ್ಟ 2005ರ ತಿದ್ದುಪಡಿ ಆದ ಮೇಲೆ ಹೆಣ್ಣುಮಗಳು ಕಾಗದ ಹುಡುಕುತ್ತಾಳೆ ಅಂದರೆ ಹೀಗೆ ಅನಿಸುವುದು ಸಹಜ ಅಲ್ವಾ. ಅವರ ಭಯ ಸುಳ್ಳಲ್ಲ, ಎಷ್ಟೋ ಮನೆಗಳಲ್ಲಿ ನಡೆದಿದೆ. "ಇಲ್ಲ ಕಾಕಾ, ಮುತ್ತಜ್ಜಿ ಹೆಸರು ಬೇಕು, ಅಷ್ಟೇ" ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ತಾವೇ ಎದ್ದು ಟ್ರಂಕು ತೆಗೆದರು. ಮರುದಿನ ನನ್ನ ಜೊತೆ ಕಚೇರಿಗೂ ಬಂದರು. ಅವರು ಬರದಿದ್ದರೆ ಆ ಕೆಲಸ ಒಂದು ದಿನದಲ್ಲಿ ಮುಗಿಯುತ್ತಿರಲಿಲ್ಲ.

ಅದೇ ಮಧ್ಯಾಹ್ನ ಊರಿನ ಕನ್ನಡ ಶಾಲೆಗೆ ಹೋದೆವು. ಹಳೆಯ ಶಾಲೆಗಳ ದಾಖಲಾತಿ ರಜಿಸ್ಟರ್ ದೊಡ್ಡ ಆಸ್ತಿ. ಅಜ್ಜನ ಹೆಸರು ಸಿಕ್ಕಿತು, ಹುಟ್ಟಿದ ತಾರೀಕು 1912ರ ಜೂನ್ 1. ಜೂನ್ 1 ಅಂತ ಕಂಡರೆ ನಂಬಬೇಡಿ. ತಾರೀಕು ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಅದನ್ನೇ ಬರೆಯುತ್ತಿದ್ದರು. ವರ್ಷ ಮಾತ್ರ ಅಂದಾಜಿಗೆ ಸರಿ ಇರುತ್ತದೆ. ಆ ರಜಿಸ್ಟರಿನಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಅಜ್ಜನ ಕಾಕಾನ ಹೆಸರಿತ್ತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಎರಡನೇ ದಿನ ತಾಲೂಕು ಕಚೇರಿ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ನೋಡಿಕೊಂಡು ಹೋಗಿ. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಅಲ್ಲಿರಿ. ನಕಲಿಗೆ ಅರ್ಜಿ ಬರೆದು, ಸರ್ವೆ ನಂಬರ್ ಹಾಕಿ, ಫೀ ಕಟ್ಟಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ಊರಿನದು ಆಗಿದೆಯಾ ಅಂತ ಮೊದಲು ಕೇಳಿ. ಮೊಬೈಲಿನಲ್ಲಿ ಫೋಟೋ ತೆಗೆಯುವ ಮುಂಚೆ ಅನುಮತಿ ಕೇಳುವುದನ್ನು ಮರೆಯಬೇಡಿ.

ಜನನ ಮರಣ ರಜಿಸ್ಟರ್ ನಮಗೆ ಸಿಗಲಿಲ್ಲ. ಆ ವರ್ಷಗಳ ಪುಸ್ತಕವನ್ನು ಗೆದ್ದಲು ತಿಂದಿತ್ತು. ರಟ್ಟು ಎತ್ತಿದಾಗ ಪುಡಿ ಉದುರಿದ್ದನ್ನು ನೋಡಿ ಹೊಟ್ಟೆ ಉರಿಯಿತು. ಎಷ್ಟು ಮನೆಗಳವರ ಹೆಸರು ಅದರಲ್ಲಿತ್ತೋ. ನಿಮಗೆ ಸಿಕ್ಕರೆ ಅದೃಷ್ಟ. ಆದರೆ ಹಳೆಯ ಜನನ ದಾಖಲೆಯಲ್ಲಿ ಮಗುವಿನ ಹೆಸರು ಹುಡುಕಬೇಡಿ, ಎಷ್ಟೋ ಕಡೆ ಬರೀ 'ಗಂಡು', 'ಹೆಣ್ಣು' ಅಂತಿರುತ್ತದೆ. ತಂದೆಯ ಹೆಸರು ಹಿಡಿದು ಹುಡುಕಿ. 1969ರ ನೋಂದಣಿ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಫೀ ಕೊಟ್ಟು ಹುಡುಕಿಸಿ ನಕಲು ಪಡೆಯಬಹುದು. ಸಾವಿನ ಕಾರಣ ಮಾತ್ರ ನಕಲಿನಲ್ಲಿ ಕೊಡುವುದಿಲ್ಲ.

ಹೊಲದ ರಜಿಸ್ಟರ್ ಮಾತ್ರ ಗಟ್ಟಿಯಾಗಿತ್ತು. ಕೆಲವು ಕಡೆ ಮೋಡಿ ಅಕ್ಷರ (ಮರಾಠಿಯ ಹಳೆಯ ಕೂಡುಬರಹ), ಉಳಿದದ್ದು ಕನ್ನಡ. ಓದಲು ಕೆಲವು ಮಾತು ತಿಳಿದಿರಬೇಕು. 'ಬಿನ್' ಅಂದರೆ ಮಗ, 'ಕೋಂ' ಅಂದರೆ ಹೆಂಡತಿ, 'ಮಯತ' ಅಂದರೆ ತೀರಿಕೊಂಡವರು. 'ಅ.ಪಾ.ಕ.' ಅಂತ ಕಂಡರೆ ನಿಂತು ಓದಿ. ಅಜ್ಞಾನ ಪಾಲನಕರ್ತ, ಅಂದರೆ ಮೈನರ್ ಮಗುವಿನ ಪರವಾಗಿ ನಿಂತವರು. ಹಳೆಯ ಕಾಗದದಲ್ಲಿ ಹೆಂಗಸಿನ ಹೆಸರು ಬರುವುದೇ ಜಾಸ್ತಿ ಈ ಜಾಗದಲ್ಲಿ.

1919ರ ಒಂದು ನಮೂದು. ಮುತ್ತಜ್ಜ ಮಯತ, 1918ರ ಅಕ್ಟೋಬರ್. ವಾರಸದಾರ ಅಜ್ಞಾನ ಮಗ, ವಯಸ್ಸು 6. ಅ.ಪಾ.ಕ. ತಾಯಿ, ಮುಂದೆ ಅವಳ ಹೆಸರು.

ಅದು ನನ್ನ ಅಕ್ಕನ ಹೆಸರು. ಅಕ್ಕ ಹುಟ್ಟಿದಾಗ ಅಜ್ಜ ಹಠ ಹಿಡಿದು ಆ ಹೆಸರು ಇಡಿಸಿದ್ದರು. ಯಾಕೆ ಅಂತ ಹೇಳಿರಲಿಲ್ಲ.

ಕಾಕಾ ಇನ್ನೂ ಪುಟ ತಿರುಗಿಸುತ್ತಿದ್ದರು. 1923ರಲ್ಲಿ ಇನ್ನೊಂದು ನಮೂದು. ತಾಯಿ ಉಡಿಕೆಯಾಗಿ (ವಿಧವೆಯ ಮರುಮದುವೆ) ಹೋದದ್ದರಿಂದ ಅವಳ ಹೆಸರು ತೆಗೆದು, ಮಗುವಿನ ಕಾಕಾನನ್ನು ಪಾಲಕ ಮಾಡಿದೆ. 1856ರ ವಿಧವಾ ವಿವಾಹ ಕಾಯ್ದೆಯಂತೆ, ಮತ್ತೆ ಮದುವೆಯಾದ ವಿಧವೆಗೆ ಮೊದಲ ಗಂಡನ ಆಸ್ತಿಯ ಮೇಲೆ ಹಕ್ಕು ಹೋಗುತ್ತಿತ್ತು. ಅದಕ್ಕೇ ಅದನ್ನು ಇಷ್ಟು ಸ್ಪಷ್ಟವಾಗಿ ಬರೆದಿದ್ದರು. ಮನೆಯಲ್ಲಿ ಯಾರೂ ಅವಳ ಮಾತು ಎತ್ತದಿದ್ದುದಕ್ಕೂ ಕಾರಣ ಅದೇ ಇರಬೇಕು. ಹತ್ತು ಹನ್ನೊಂದು ವರ್ಷದ ಮಗನನ್ನು ಬಿಟ್ಟು ಹೋದಳು. ಬಿಟ್ಟು ಹೋಗಬೇಕಾಯಿತು ಅನ್ನುವುದೇ ಸರಿಯೇನೋ. ಶಾಲೆಯ ರಜಿಸ್ಟರಿನಲ್ಲಿ ಕಾಕಾನ ಹೆಸರು ಯಾಕಿತ್ತು ಅಂತ ಆಗ ತಿಳಿಯಿತು.

ಇಲ್ಲಿ ಗಣತಿ ವರದಿ ಕೈ ಹಿಡಿಯಿತು. ಮುತ್ತಜ್ಜ ಪ್ಲೇಗಿನಲ್ಲಿ ಹೋದರು ಅಂತ ನಾವು ನಂಬಿದ್ದೆವು. ಅಕ್ಟೋಬರ್ 1918 ಅಂದರೆ ಇನ್‌ಫ್ಲುಯೆಂಜಾ ಮುಂಬೈ ಪ್ರಾಂತ್ಯದಲ್ಲಿ ಹಳ್ಳಿ ಹಳ್ಳಿ ಹೊಕ್ಕ ತಿಂಗಳು. ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಸತ್ತರು. 1921ರ ಗಣತಿಯಲ್ಲಿ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆ ಬಂದದ್ದಕ್ಕೆ ಅದೇ ದೊಡ್ಡ ಕಾರಣ. ಕಾಗದದಲ್ಲಿ ಕಾಯಿಲೆಯ ಹೆಸರಿಲ್ಲ, ಆದರೂ ತಿಂಗಳು ಬಹಳ ಹೇಳುತ್ತದೆ. ನಿಮ್ಮ ಮನೆಯ ಹಿರಿಯರು "ಕಾಳಯುಕ್ತಿ ಸಂವತ್ಸರದಾಗ ಹೋದ್ರು" ಅಂದರೆ ಅದೂ ಇದೇ ವರ್ಷ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ, ಹಾಗಾಗಿ ತಲೆಮಾರಿನ ಲೆಕ್ಕ ಹಾಕಿ ನೋಡಿ. ಶಕ ವರ್ಷ ಇದ್ದರೆ 78 ಕೂಡಿಸಿ. ನಿಮ್ಮ ಊರು ಕಲಬುರಗಿ, ರಾಯಚೂರು ಕಡೆ ಇದ್ದರೆ ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿರುತ್ತದೆ, ವರ್ಷ ಫಸಲಿ, ಅಂದರೆ ಕಂದಾಯದ ವರ್ಷ. ಅದಕ್ಕೆ 590 ಕೂಡಿಸಬೇಕು. ಉರ್ದು ಓದುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಮೂರನೇ ದಿನ ಹೆಳವರ ಮನೆಗೆ. ಹಳೆಯ ಮೈಸೂರಿನವರಿಗೂ ಹೆಳವರು ಗೊತ್ತಿರಬಹುದು. ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ನಿಮ್ಮ ವಂಶದ ತಲೆಮಾರುಗಳನ್ನು ಒಂದೇ ಉಸಿರಿಗೆ ಹೇಳುವವರು. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಮನೆಗಳು ಅಂತ ಹಂಚಿಕೆ ಇರುತ್ತದೆ. ನಿಮ್ಮ ಮನೆಗೆ ಬರುವ ಹೆಳವರು ಯಾರು ಅಂತ ಊರಿನ ಹಿರಿಯರನ್ನೇ ಕೇಳಬೇಕು. ಕಾಕಾ ಫೋನ್ ಮಾಡಿ ಹೇಳಿದ್ದರು. ಸುಗ್ಗಿಯ ನಂತರ ಅವರು ಊರೂರು ತಿರುಗುತ್ತಾರೆ, ಮನೆಯಲ್ಲಿ ಸಿಗುವುದಿಲ್ಲ. ಫೋನ್ ಮಾಡದೆ ಹೋಗಬೇಡಿ. ಬರಿಗೈಯಲ್ಲಿ ಹೋಗಬೇಡಿ. ನಾವು ಒಂದು ಚೀಲ ಜೋಳ, ಒಂದು ಸೀರೆ, ಸ್ವಲ್ಪ ದುಡ್ಡು ಕೊಟ್ಟೆವು. ಅದು ಅವರ ದುಡಿಮೆ, ಚೌಕಾಶಿ ಮಾಡಬಾರದು.

ಅವರ ಪುಸ್ತಕದಲ್ಲಿ ನಮ್ಮ ಮನೆತನ ಮುತ್ತಜ್ಜನಿಂದ ಇನ್ನೂ ಐದು ತಲೆ ಮೇಲೆ ಹೋಯಿತು. ನಾವು ಈ ಊರಿಗೆ ಬರುವ ಮುಂಚೆ ಎಲ್ಲಿದ್ದೆವು ಅನ್ನುವುದೂ ಇತ್ತು. ಆದರೆ ಸೊಸೆಯರ ಹೆಸರಿಲ್ಲ, ಅವರ ತವರೂರು ಮಾತ್ರ. ಮುತ್ತಜ್ಜನ ಮುಂದೆ ನವಲಗುಂದದ ಕಡೆಯ ಒಂದು ಊರು ಬರೆದಿತ್ತು. ಮುಂದಿನ ಸಲ ಅಲ್ಲಿಗೆ ಹೋಗಬೇಕು. ಉಡಿಕೆಯ ಮನೆ ಎಲ್ಲಿತ್ತು ಅಂತ ತವರಿನವರಿಗೆ ಗೊತ್ತಿದ್ದರೂ ಇರಬಹುದು.

ಮುಗಿಸುವ ಮುಂಚೆ ಹೆಳವರು ಪೆನ್ನು ತೆಗೆದು ಹೊಸದಾಗಿ ಹುಟ್ಟಿದವರ ಹೆಸರು ಕೇಳಿದರು. ಅಣ್ಣನ ಮಗನ ಹೆಸರು ಹೇಳಿದೆ. ಆಮೇಲೆ ಕಚೇರಿಯ ನಕಲನ್ನು ಬಿಚ್ಚಿ ತೋರಿಸಿ, ಮುತ್ತಜ್ಜನ ಪಕ್ಕದಲ್ಲಿ ಈ ಹೆಸರನ್ನೂ ಬರೆಯುತ್ತೀರಾ ಅಂತ ಕೇಳಿದೆ. ಅವರು ಕಾಕಾನ ಮುಖ ನೋಡಿದರು. ಕಾಕಾ "ಬರೀರಿ" ಅಂದರು.