ಕಿವಿಯಿಂದ ಓದುವವರಿಗೆ ನಮ್ಮ ಸಂಗೀತ ವೆಬ್‌ಸೈಟ್: ಇಲ್ಲಿವರೆಗಿನ ಕೆಲಸ

ಗದಗ, ಹುಬ್ಬಳ್ಳಿ-ಧಾರವಾಡದ ಸಂಗೀತ ಕಾರ್ಯಕ್ರಮಗಳ ಪಟ್ಟಿ, ರಾಗಗಳ ಮೇಲೆ ಚಿಕ್ಕ ಬರಹಗಳು, ಒಂದಿಷ್ಟು ರೆಕಾರ್ಡಿಂಗ್. ನಮ್ಮ ಗೆಳೆಯರ ಬಳಗದ ಈ ವೆಬ್‌ಸೈಟನ್ನು ಕಣ್ಣು ಕಾಣದವರೂ ತಾವಾಗಿಯೇ ಬಳಸುವಂತೆ ಮಾಡುವ ಕೆಲಸ ಹಿಡಿದಿದ್ದೇನೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಅವರ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳು ಸಂಗೀತ ಕಲಿತಿದ್ದಾರೆ. ಅಂಥ ಗದಗಿನ ಸಂಗೀತದ ಪುಟ ಅವರಿಗೇ ಓದಲು ಬರದಿದ್ದರೆ ಹೇಗೆ?

ಪರೀಕ್ಷೆಗೆ ಪರಿಚಯದ ಹಾರ್ಮೋನಿಯಂ ಮಾಸ್ತರು ಜೊತೆಗಿದ್ದಾರೆ. ಅವರು ಬಳಸುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ನಮ್ಮ ಹಳೆಯ ಲೇಖನ ತೆರೆದ ಕೂಡಲೇ ಅವರು ಕೇಳಿದ್ದು: "ಇದೇನ್ರೀ, ಕನ್ನಡ ಬಿಟ್ಟು ಎಬಿಸಿಡಿ ಹೇಳಾಕತ್ತೈತಿ?"

ಕಾರಣ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್. ಅದರಲ್ಲಿ ಟೈಪ್ ಮಾಡಿದ 'ಕನ್ನಡ' ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಒಳಗಿರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಗುರುತು! ಹಾಗಾಗಿ ಎಲ್ಲವನ್ನೂ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ಗೆ ಬದಲಿಸಿದೆ. ಪರಿವರ್ತಕ ಬಹುಪಾಲು ಸರಿಯಾಗಿಯೇ ಮಾಡಿತು, ಅರ್ಕಾವೊತ್ತಿನಲ್ಲಿ ಮಾತ್ರ ಎಡವಿತು. ದುರ್ಗಾ ರಾಗ 'ದುಗರ್ಾ' ಆಗಿತ್ತು. ಕಣ್ಣಿದ್ದವರು ಅಂದಾಜು ಮಾಡಿಕೊಂಡು ಓದುತ್ತಾರೆ, ಸ್ಕ್ರೀನ್ ರೀಡರ್ ಇದ್ದದ್ದನ್ನೇ ಓದುತ್ತದೆ. ದುರ್ಗಾ, ಪೂರ್ವಿ, ಮಾರ್ವಾ ಎಲ್ಲವನ್ನೂ ಹುಡುಕಿ ಕೈಯಿಂದಲೇ ತಿದ್ದಿದೆ. ಬೇಸರದ ಕೆಲಸ ನಿಜ, ಆದರೆ ಕನ್ನಡದ ವೆಬ್‌ಸೈಟಿಗೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ ಅಂತ ನನಗನಿಸುತ್ತದೆ. ಅಕ್ಷರವೇ ಅಕ್ಷರವಾಗಿಲ್ಲದ ಮೇಲೆ ಉಳಿದ ಸುಧಾರಣೆ ಎಲ್ಲಾ ಸುಮ್ನೆ ಅಲ್ವಾ?

ಪುಟದ ಭಾಷೆ ಕನ್ನಡ ಎಂದು ಕೋಡ್‌ನಲ್ಲೂ ಹೇಳಿದ್ದಾಯಿತು. ಇದು ಒಂದೇ ಸಾಲಿನ ಕೆಲಸ. ಸ್ಕ್ರೀನ್ ರೀಡರ್ ಅದನ್ನು ನೋಡಿ ಕನ್ನಡದ ಧ್ವನಿಗೆ ಬದಲಾಗುತ್ತದೆ.

ಕಾರ್ಯಕ್ರಮದ ವಿವರ ಬರೀ ಪೋಸ್ಟರ್ ಚಿತ್ರದಲ್ಲಿತ್ತು. ಈಗ ಹಾಡುವವರು, ಸ್ಥಳ, ಹೊತ್ತು ಎಲ್ಲವೂ ಪುಟದಲ್ಲೇ ಅಕ್ಷರವಾಗಿವೆ. ತಿಂಗಳ ಪಟ್ಟಿಯ ಕಾಲಂಗಳಿಗೆ ಸರಿಯಾದ ಶೀರ್ಷಿಕೆ ಕೊಟ್ಟೆ. ಮಾಸ್ತರು ಕಂಟ್ರೋಲ್, ಆಲ್ಟ್ ಒತ್ತಿ ಬಾಣದ ಕೀಲಿಯಲ್ಲಿ ಪಟ್ಟಿಯ ಪಕ್ಕದ ಚೌಕಕ್ಕೆ ಸರಿದರೆ ಮೊದಲು 'ಸ್ಥಳ' ಅನ್ನುತ್ತದೆ, ಆಮೇಲೆ ಊರ ಹೆಸರು.

ಬಿಳಿ ಮೇಲಿನ ಕೇಸರಿ ಅಕ್ಷರಗಳನ್ನೂ ತೆಗೆದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಬೇಕು ಅನ್ನುತ್ತದೆ, ವೆಬ್‌ಸೈಟು ಎಲ್ಲರಿಗೂ ಬಳಸಲು ಬರುವಂತೆ ಮಾಡಲು ಇರುವ ಡಬ್ಲ್ಯೂಸಿಎಜಿ ಮಾರ್ಗಸೂಚಿ. ಕೇಸರಿ ಅದರ ಹತ್ತಿರಕ್ಕೂ ಬರುವುದಿಲ್ಲ. ಈಗ ಗಾಢ ಕಂದು ಬಣ್ಣವಿದೆ. ದೃಷ್ಟಿ ಮಂದವಾದ ಹಿರಿಯರಿಗೂ ಅನುಕೂಲ.

ಉಳಿದಿರುವುದು ರೆಕಾರ್ಡಿಂಗ್ ಪ್ಲೇಯರ್. ಅದರ ಗುಂಡಿಗಳಿಗೆ ಹೆಸರೇ ಇಲ್ಲ, ಎಲ್ಲದಕ್ಕೂ 'ಬಟನ್, ಬಟನ್' ಅಂತ ಓದುತ್ತದೆ. ಪುಟ ತೆರೆದ ಕೂಡಲೇ ಹಾಡು ತಾನಾಗಿ ಶುರುವಾಗುವುದನ್ನೂ ನಿಲ್ಲಿಸಬೇಕು. ಹಾಡಿನ ದನಿಯಲ್ಲಿ ಸ್ಕ್ರೀನ್ ರೀಡರ್ ಮಾತು ಮುಳುಗಿದರೆ, ಹಾಡು ನಿಲ್ಲಿಸುವ ಗುಂಡಿ ಎಲ್ಲಿದೆ ಅಂತ ತಿಳಿಯುವುದೇ ಕಷ್ಟ. ಈ ವಾರ ಅದನ್ನೇ ಹಿಡಿಯುತ್ತೇನೆ.